ಕೆಲಸ ಅರಸುವವರು ನಮ್ಮನ್ನೂ ಅರಸುತ್ತಿದ್ದಾರೆ

ಕಾರ್ಖಾನೆಯ ಗೇಟಿಗೆ ‘ಟರ್ನರ್ ಬೇಕಾಗಿದ್ದಾರೆ’ ಎಂಬ ಹಲಗೆ ತೂಗುಹಾಕಿ, ನಾಲ್ಕು ಜನ ಪರಿಚಿತರಿಗೆ ಹೇಳಿಟ್ಟರೆ ವಾರದೊಳಗೆ ಕೆಲಸಗಾರರು ದೊರೆಯುತ್ತಿದ್ದ ಕಾಲವನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಈಗ ಹಲಗೆ ಬಿಸಿಲಿಗೆ ಮಾಸುತ್ತದೆಯೇ ಹೊರತು ಯಾರೂ ಬರುವುದಿಲ್ಲ. ಐಟಿಐ ಮುಗಿಸಿದ ಯುವಕರು ಕೈಗಾರಿಕಾ ಪ್ರದೇಶಕ್ಕೆ ಕಾಲಿಡುವ ಮೊದಲೇ ಮೊಬೈಲಿನಲ್ಲಿ ಅದನ್ನು ಸುತ್ತಿಬಂದಿರುತ್ತಾರೆ.

ಕಳೆದ ವರ್ಷ ಪೀಣ್ಯದಲ್ಲಿರುವ ನಮ್ಮ ಘಟಕಕ್ಕೆ ಸಿಎನ್‌ಸಿ ಆಪರೇಟರ್ ಒಬ್ಬರ ಅಗತ್ಯ ಉಂಟಾಯಿತು. ಮೂರು ವಾರ ಎರಡನೆಯ ಪಾಳಿಯಲ್ಲಿ ಯಂತ್ರ ಸುಮ್ಮನೆ ನಿಂತಿತು. ಬ್ಯಾಂಕಿನ ಕಂತು ಮಾತ್ರ ನಿಲ್ಲಲಿಲ್ಲ. ಕೊನೆಗೆ ನಮ್ಮ ಫಿಟ್ಟರ್ ತಮ್ಮ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಯಂತ್ರದ ಚಿತ್ರದೊಡನೆ ಸಂಬಳ ಮತ್ತು ಪಾಳಿಯ ವೇಳೆಯನ್ನು ಹಾಕಿದರು. ಎರಡೇ ದಿನಗಳಲ್ಲಿ ನಾಲ್ವರು ಬಂದರು. ಆಯ್ಕೆಯಾದವರು ಫಿಟ್ಟರ್‌ಗೆ ಆಪ್ತರೇನಲ್ಲ. ಆರೇಳು ವರ್ಷಗಳಿಂದ ಮುಖಾಮುಖಿಯಾಗದ ಹಳೆಯ ಸಹಪಾಠಿಯೊಬ್ಬರ ತಮ್ಮ.

ಇದು ಆಕಸ್ಮಿಕವಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಪರಿಚಯದ ಮೂಲಕ ಕೆಲಸ ಪಡೆದವರ ಪೈಕಿ ಸುಳಿವಿತ್ತವರನ್ನು ಪದೇ ಪದೇ ಭೇಟಿಯಾಗುತ್ತಿದ್ದವರು ಶೇ. 17ಕ್ಕಿಂತ ಕಡಿಮೆ ಎಂದು ತೋರಿಸಿದರು. ಆಪ್ತರಿಗೆ ತಿಳಿದಿರುವುದು ನಮಗೂ ತಿಳಿದಿರುತ್ತದೆ; ಹೊಸ ಸುದ್ದಿ ಬರುವುದು ದೂರದವರಿಂದ. ಲಿಂಕ್ಡ್‌ಇನ್‌ನ 2 ಕೋಟಿಗೂ ಹೆಚ್ಚು ಸದಸ್ಯರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನು ಬಹುಮಟ್ಟಿಗೆ ಸಮರ್ಥಿಸಿತು. ಆದರೆ ಕೇವಲ ಹೆಸರಿಗಷ್ಟೇ ಇರುವ ಪರಿಚಯಕ್ಕಿಂತ ಸಾಧಾರಣ ಪರಿಚಯವೇ ಹೆಚ್ಚು ಫಲಕಾರಿ ಎಂದಿತು. ಅಂದರೆ ಉದ್ದಿಮೆಯ ಮಾಲೀಕರಿಗಿಂತ ಅವರ ಕೆಲಸಗಾರರ ಮೊಬೈಲ್ ಹೆಚ್ಚು ದೂರ ತಲುಪುತ್ತದೆ.

ಬಂದ ನಾಲ್ವರಲ್ಲಿ ಒಬ್ಬರು ಹೇಳಿದ ಮಾತು ನನ್ನನ್ನು ಚಿಂತೆಗೆ ಹಚ್ಚಿತು. ಹಿಂದಿನ ರಾತ್ರಿ ನಮ್ಮ ಘಟಕದ ಹೆಸರನ್ನು ಹುಡುಕಿದಾಗ ಏನೂ ಸಿಗದೆ, ಇದು ಮೋಸವಿರಬಹುದೆಂದು ಬರುವುದನ್ನೇ ಕೈಬಿಡಲಿದ್ದರಂತೆ! ಇಪ್ಪತ್ತು ವರ್ಷಗಳಿಂದ ತೆರಿಗೆ ಕಟ್ಟುತ್ತಿರುವ ಸಂಸ್ಥೆ, ಅವರ ಕಣ್ಣಿಗೆ ಇಲ್ಲವೇ ಇಲ್ಲ. ಆ ಸಂಶಯ ಅಕಾರಣವೂ ಅಲ್ಲ. ಅದೇ ದಿನಗಳಲ್ಲಿ ನೆರೆಯ ಘಟಕದ ಬಾಗಿಲಿಗೆ ಯುವಕನೊಬ್ಬ ನೇಮಕಪತ್ರ ಹಿಡಿದು ಬಂದಿದ್ದ. ಸಮವಸ್ತ್ರ ಹಾಗೂ ನೋಂದಣಿಗೆಂದು 3,000 ರೂಪಾಯಿಗಳನ್ನು ಮೊಬೈಲಿನಲ್ಲೇ ಪಾವತಿಸಿದ್ದ. ಪತ್ರ ನಕಲಿ, ಹೆಸರು ಮಾತ್ರ ಅಸಲಿ. ಇಂತಹ ವಂಚನೆಗೆ ಒಳಗಾದವರನ್ನು ಬರಿಗೈಯಲ್ಲಿ ಹಿಂದಿರುಗಿಸದೆ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿಸುವುದು ಉಚಿತ.

2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್‌ಗೆ ಶುಲ್ಕವಿಲ್ಲ. ವಿಳಾಸ, ಕಚೇರಿಯ ದೂರವಾಣಿ, ‘ಕೆಲಸಕ್ಕಾಗಿ ನಾವು ಯಾರಿಂದಲೂ ಹಣ ಪಡೆಯುವುದಿಲ್ಲ’ ಎಂಬ ಒಂದು ಸಾಲು ಅಲ್ಲಿದ್ದರೆ ಅಭ್ಯರ್ಥಿಗೂ ಧೈರ್ಯ, ನಮ್ಮ ಹೆಸರಿಗೂ ರಕ್ಷಣೆ. ಲೆಕ್ಕಪತ್ರ, ವಿನ್ಯಾಸ, ರಫ್ತು ವಿಭಾಗಗಳ ಹುದ್ದೆಗಳಿಗೆ ಲಿಂಕ್ಡ್‌ಇನ್ ಹೆಚ್ಚು ಸೂಕ್ತ. ಎಲ್ಲಿಯೇ ಪ್ರಕಟಿಸಿದರೂ ‘ಆಕರ್ಷಕ ವೇತನ’ ಎಂದು ಬರೆಯುವ ಬದಲು ಮೊತ್ತವನ್ನೇ ಬರೆಯಬೇಕು. ಹೊರಗಿನಿಂದ ಬರುವವರಿಗೆ ವಸತಿಯ ವಿಚಾರವೂ ಅಷ್ಟೇ ಮುಖ್ಯ. ಬಂದ ಬಯೋಡೇಟಾಗಳನ್ನು ಗುಂಪುಗಳಿಗೆ ರವಾನಿಸುವ ನಮ್ಮವರ ಅಭ್ಯಾಸವಂತೂ ನಿಲ್ಲಲೇಬೇಕು.

ಇದೇ ಜಾಲತಾಣದಲ್ಲಿ ನಮ್ಮವರೂ ಬೇರೆ ಕೆಲಸ ಹುಡುಕುವುದುಂಟು. ಹೊಸ ಕೆಲಸಕ್ಕೆ ಸಿದ್ಧ ಎಂದು ತಮ್ಮ ಸೂಪರ್‌ವೈಸರ್ ಲಿಂಕ್ಡ್‌ಇನ್‌ನಲ್ಲಿ ಸೂಚಿಸಿದ್ದನ್ನು ಕಂಡ ಮಿತ್ರರೊಬ್ಬರು ಅವರನ್ನು ಎಲ್ಲರೆದುರು ಗದರಿಸಿದರು. ತಿಂಗಳೊಳಗೆ ಅವರು ಬಿಟ್ಟುಹೋದರು. ಎರಡು ವರ್ಷಗಳಿಂದ ಸಂಬಳ ಹೆಚ್ಚಿಸಿರಲಿಲ್ಲವೆಂಬುದು ಮಿತ್ರರಿಗೆ ನೆನಪಾದದ್ದು, ಅದೇ ಹುದ್ದೆಗೆ ಜಾಹೀರಾತು ಬರೆಯಲು ಕುಳಿತಾಗ.