ಲಕ್ಕಸಂದ್ರದಿಂದ ಬಳ್ಳಾರಿಗೆ ನಿಮ್ಹಾನ್ಸ್ ಹಾದಿ

ಬೆಂಗಳೂರಿನ ಜಯನಗರ, ಬಿಟಿಎಂ ಕಡೆಯವರಿಗೆ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಅಂದರೆ ಡೇರಿ ಸರ್ಕಲ್ ದಾಟಿದ ಮೇಲೆ ಬರುವ ಬಸ್ ಸ್ಟಾಪು. ದೂರದ ಜಿಲ್ಲೆಗಳಿಂದ ರಾತ್ರಿ ಬಸ್ಸು ಹಿಡಿದು ಬಂದು ಬೆಳಿಗ್ಗೆ ಓಪಿಡಿ ಮುಂದೆ ಸಾಲು ನಿಲ್ಲುವ ಮನೆಮಂದಿಗೆ ಅದು ಬೇರೆಯೇ ಲೋಕ.

ಅದರ ಬೇರು 1847ರಷ್ಟು ಹಿಂದಕ್ಕೆ ಹೋಗುತ್ತದೆ. ಮೈಸೂರು ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿದ್ದ ಕಾಲ. ಈಗ ಮೆಜೆಸ್ಟಿಕ್ ಬಸ್ ನಿಲ್ದಾಣವಾಗಿರುವ ಧರ್ಮಾಂಬುಧಿ ಕೆರೆಯ ಹತ್ತಿರ, ಡಾ. ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಉಸ್ತುವಾರಿಯಲ್ಲಿ ಮನೋರೋಗಿಗಳ ಆಶ್ರಯವೊಂದು ಶುರುವಾಯಿತು. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂತು. ಡಾ. ಫ್ರಾಂಕ್ ನೊರೋನ್ಹಾ ಅವರ ಮುತುವರ್ಜಿಯಿಂದ 1930ರ ದಶಕದಲ್ಲಿ ಲಕ್ಕಸಂದ್ರದ ವಿಶಾಲ ಜಾಗಕ್ಕೆ ಸ್ಥಳಾಂತರವಾಯಿತು. ದೇಶದ ಆರೋಗ್ಯ ಸೇವೆಗಳನ್ನು ಪರಿಶೀಲಿಸಿದ್ದ ಭೋರ್ ಸಮಿತಿಯ ಶಿಫಾರಸಿನಂತೆ 1954ರಲ್ಲಿ ಅದೇ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದಾಗ ಚುಕ್ಕಾಣಿ ಹಿಡಿದವರು ಡಾ. ಎಂ.ವಿ. ಗೋವಿಂದಸ್ವಾಮಿ. 1974ರ ಡಿಸೆಂಬರ್ 27ರಂದು ಆಸ್ಪತ್ರೆ, ಸಂಸ್ಥೆ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು. ನರಶಸ್ತ್ರಚಿಕಿತ್ಸಕ ಡಾ. ಆರ್.ಎಂ. ವರ್ಮ ಮೊದಲ ನಿರ್ದೇಶಕರು. 2012ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿತು.

ಆದರೆ ನನಗೆ ಈ ಚರಿತ್ರೆಯ ಅತಿ ದೊಡ್ಡ ಘಟ್ಟವಾಗಿ ಕಾಣುವುದು ಬನ್ನೇರುಘಟ್ಟ ರಸ್ತೆಯಾಚೆಯ ಸಕಲವಾರ. 1970ರ ದಶಕದಲ್ಲಿ ನಿಮ್ಹಾನ್ಸ್ ವೈದ್ಯರು ಅಲ್ಲೊಂದು ಗ್ರಾಮೀಣ ಘಟಕ ತೆರೆದರು. ಇಡೀ ದೇಶದಲ್ಲಿ ಮನೋವೈದ್ಯರು ಬೆರಳೆಣಿಕೆಯಷ್ಟಿದ್ದಾಗ ಹಳ್ಳಿಯ ರೋಗಿಗೆ ಗತಿ ಯಾರು? ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಊರೂರು ತಿರುಗುವ ಆರೋಗ್ಯ ಕಾರ್ಯಕರ್ತರಿಗೂ ಕಾಯಿಲೆ ಗುರುತಿಸಲು, ಕೆಲವೇ ಅಗತ್ಯ ಔಷಧಿಗಳನ್ನು ಬಳಸಲು, ಮಾತ್ರೆ ನಿಲ್ಲಿಸಿದವರನ್ನು ಮನೆಗೇ ಹೋಗಿ ವಿಚಾರಿಸಲು ಅಲ್ಲಿ ಕಲಿಸಿದರು. 1985ರಿಂದ ಇದೇ ಪ್ರಯೋಗ ಬಳ್ಳಾರಿ ಜಿಲ್ಲೆಯುದ್ದಕ್ಕೂ ನಡೆಯಿತು. ಡಾ. ಆರ್. ಶ್ರೀನಿವಾಸಮೂರ್ತಿ ಅವರಂಥವರು ಇದಕ್ಕಾಗಿ ದುಡಿದರು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿದಾಗ ಎದುರಿಗಿಟ್ಟುಕೊಂಡದ್ದು ಬಳ್ಳಾರಿಯ ಮಾದರಿಯನ್ನೇ. ನಮ್ಮ ರಾಜ್ಯದ ಒಂದು ಬಿಸಿಲ ಜಿಲ್ಲೆ ದೇಶಕ್ಕೆ ದಾರಿ ತೋರಿದ ಈ ಸಂಗತಿ ನಮ್ಮ ಶಾಲೆಯ ಮಕ್ಕಳಿಗೂ ತಿಳಿಯಬೇಕು.

ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಕನ್ನಡದಲ್ಲಿ ನೂರಕ್ಕೂ ಹೆಚ್ಚು ಪುಸ್ತಕ ಬರೆದು, ದೆವ್ವ ಮಾಟದ ಭಯದಲ್ಲಿದ್ದ ಎಷ್ಟೋ ಮನೆಗಳಿಗೆ ಖಿನ್ನತೆ, ಗೀಳು, ಮೂರ್ಛೆರೋಗಗಳನ್ನು ತಿಳಿಯಾಗಿ ವಿವರಿಸಿದರು. ಅದೂ ಚಿಕಿತ್ಸೆಯೇ.

2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೂ ನಿಮ್ಹಾನ್ಸ್ ಮುಖ್ಯ ಕೇಂದ್ರ. ನಂಬರು 14416. ಹಗಲಿರುಳೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಕಾಸು ಕೊಡಬೇಕಿಲ್ಲ.