ಹದಿಹರೆಯದವರ ನಿದ್ರೆ, ಹಿರಿಯರ ಹೊಣೆ

ನಜರ್‌ಬಾದಿನ ರಸ್ತೆಗಳಲ್ಲಿ ಬೆಳಗಿನ ಆರು ಗಂಟೆಗೇ ಬ್ಯಾಗು ಹೊತ್ತು ಟ್ಯೂಷನ್ನಿಗೆ ಹೊರಟ ಮಕ್ಕಳನ್ನು ನಾವು ಕಾಣುತ್ತೇವೆ. ಅವರಲ್ಲಿ ಅನೇಕರ ಕೋಣೆಯ ದೀಪ ಹಿಂದಿನ ರಾತ್ರಿ ಹನ್ನೆರಡಾದರೂ ಆರಿರುವುದಿಲ್ಲ. ಹಗಲಿನಲ್ಲಿ ಆ ಮಗು ಸಿಡುಕಿದರೆ, ಊಟ ಬೇಡವೆಂದರೆ, ಕಾರಣವಿಲ್ಲದೆ ಕಣ್ಣೀರಿಟ್ಟರೆ ‘ವಯಸ್ಸೇ ಹಾಗೆ’ ಎಂದು ಸುಮ್ಮನಾಗುತ್ತೇವೆ. ಇದರಲ್ಲಿ ವಯಸ್ಸಿನ ಪಾಲಿರುವುದು ನಿಜ. ನಿದ್ರೆಯ ಪಾಲನ್ನು ಎಣಿಸುವವರು ಕಡಿಮೆ.

13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಅಕಾಡೆಮಿಯು 2016ರಲ್ಲಿ ಶಿಫಾರಸು ಮಾಡಿತು. ತೊಡಕೆಂದರೆ, ಪ್ರಾಯಕ್ಕೆ ಬರುವ ಕಾಲದಲ್ಲಿ ನಿದ್ರೆಯನ್ನು ಕರೆತರುವ ಮೆಲಟೋನಿನ್ ಎಂಬ ಸ್ರಾವವು ರಾತ್ರಿ ತಡವಾಗಿ ಏರತೊಡಗುತ್ತದೆ. ಆದ್ದರಿಂದ ಒಂಬತ್ತಕ್ಕೆ ಕಣ್ಣು ಮುಚ್ಚದ ಮಗನು ಉದ್ಧಟನೂ ಅಲ್ಲ, ಬೆಳಿಗ್ಗೆ ಏಳಲಾರದ ಮಗಳು ಸೋಮಾರಿಯೂ ಅಲ್ಲ. ಮೊಬೈಲಿನ ಬೆಳಕು ಆ ಹೊತ್ತನ್ನು ಇನ್ನಷ್ಟು ಮುಂದೂಡುತ್ತದೆ.

ಹಾಗಾದರೆ ತಂದೆತಾಯಿಗಳ ಮಾತಿಗೆ ಬೆಲೆಯುಂಟೆ? ಉಂಟು. ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 15,659 ಅಮೆರಿಕನ್ ವಿದ್ಯಾರ್ಥಿಗಳ ಮಾಹಿತಿಯನ್ನು ಪರಿಶೀಲಿಸಿ 2010ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ರಾತ್ರಿ 10ರೊಳಗೆ ಮಲಗಬೇಕೆಂಬ ನಿಯಮವಿದ್ದ ಮನೆಗಳ ಮಕ್ಕಳಿಗಿಂತ, 12 ಅಥವಾ ಅದರಾಚೆಗೆ ಮಲಗಲು ಬಿಟ್ಟ ಮಕ್ಕಳಲ್ಲಿ ಖಿನ್ನತೆಯ ಸಾಧ್ಯತೆ ಶೇ. 24ರಷ್ಟು, ಆತ್ಮಹತ್ಯೆಯ ಆಲೋಚನೆಯ ಸಾಧ್ಯತೆ ಶೇ. 20ರಷ್ಟು ಹೆಚ್ಚಾಗಿತ್ತು. ಇದು ಸಂಬಂಧವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಸಾಧಿಸುವುದಿಲ್ಲ. ಆದರೂ ಮನೆಯ ನಿಯಮವನ್ನು ಹಗುರವಾಗಿ ಕಾಣಲಾಗದು.

ನಿಯಮವೆಂದರೆ ಗದರಿಕೆಯಲ್ಲ. ಮಲಗುವ ಹೊತ್ತಿಗೆ ಅಂಕಗಳ ವಿಚಾರಣೆ ನಡೆದರೆ, ಹತ್ತಕ್ಕೆ ದೀಪ ಆರಿಸಿದರೂ ಮಗು ನಿದ್ರಿಸದು. ತಂದೆಯೇ ಹಾಸಿಗೆಯಲ್ಲಿ ಮೊಬೈಲು ಹಿಡಿದಿದ್ದರೆ ಮಗಳಿಗೆ ಹೇಳಿದ ಬುದ್ಧಿ ನಿಲ್ಲದು. ಮನೆಮಂದಿಯೆಲ್ಲರ ಮೊಬೈಲುಗಳೂ ರಾತ್ರಿ ನಡುಮನೆಯಲ್ಲಿಯೇ ಉಳಿಯಲಿ.

ಇಷ್ಟಲಿಂಗ ಪೂಜೆಗೆಂದು ನಸುಕಿನಲ್ಲಿ ಮಕ್ಕಳನ್ನು ಎಬ್ಬಿಸುವ ಸದ್ಭಕ್ತರಲ್ಲಿ ನಮ್ಮದೊಂದು ಅರಿಕೆ. ಐದಕ್ಕೆ ಏಳಬೇಕಾದರೆ ಒಂಬತ್ತಕ್ಕೇ ನಿದ್ರೆ ಹತ್ತಿರಬೇಕು. ಈ ವಯಸ್ಸಿನ ಅನೇಕರಿಗೆ ಅದು ಹತ್ತದು. ಹತ್ತಕ್ಕೆ ಮಲಗಿ, ಆರೂವರೆಗೆ ಎದ್ದು, ಸ್ನಾನ ಮಾಡಿ ಕುಳಿತರೂ ಪೂಜೆ ಪೂಜೆಯೇ.

ಎರಡು ವಾರವಾದರೂ ನಿದ್ರೆ ಸರಿಹೋಗದೆ ಮಗು ಮಂಕಾಗಿಯೇ ಇದ್ದರೆ ವೈದ್ಯರನ್ನು ಕಾಣಬೇಕು. ಬದುಕು ಬೇಡವೆಂಬ ಮಾತು ಒಮ್ಮೆ ಬಂದರೂ ಅಷ್ಟು ದಿನ ಕಾಯಕೂಡದು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.