ಕಟ್ಟಿದವರು ಯಾರು? ಚೀನಾದ ಗೋಡೆಯ ಮೇಲೆ ಒಂದು ದಿನ



ಒಂದು ಸಂಜೆ ನಮ್ಮ ಕಲಿಕಾ ಕೇಂದ್ರಕ್ಕೆ ಹಳೆಯ ಕ್ಯಾಲೆಂಡರ್ ಒಂದನ್ನು ತಂದಿದ್ದೆವು. ಅದರಲ್ಲಿ ಒಂದು ಚಿತ್ರ ಇತ್ತು. ಬೆಟ್ಟದ ಮೇಲೆ ಬೆಟ್ಟ. ಬೆಟ್ಟಗಳ ನೆತ್ತಿಯ ಮೇಲೆ ಹಾವಿನ ಹಾಗೆ ಹರಿದು ಹೋದ ಗೋಡೆ. ಕೆಳಗೆ ‘ಚೀನಾದ ಮಹಾಗೋಡೆ’ ಎಂದು ಬರೆದಿತ್ತು. ಎಲ್ಲರೂ ಕೂಡಿಸಿ ಕೂಡಿಸಿ ಓದಿದರು.

ಮನೆ ಕಟ್ಟುವ ಕಡೆ ಇಟ್ಟಿಗೆ ಹೊರುವ ಒಬ್ಬ ಅಕ್ಕ ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು:

“ಟೀಚರಮ್ಮಾ, ಅಷ್ಟು ಎತ್ತರಕ್ಕೆ ಇಟ್ಟಿಗೆ ಹೊತ್ತೋರು ಯಾರು? ಅವರಿಗೆ ಕೂಲಿ ಕೊಟ್ಟರಾ?”

ಗೋಡೆ ಎಷ್ಟು ಉದ್ದ, ಎಷ್ಟು ಹಳೆಯದು ಅಂತ ನಾವು ಹೇಳಬಲ್ಲೆವು. ಕೂಲಿಯ ವಿಚಾರ ನಮ್ಮನ್ನು ಯಾರೂ ಕೇಳಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕಿ ಈ ಪಾಠ ಬರೆದಿದ್ದೇವೆ. ಬನ್ನಿ, ಓದುತ್ತಾ ಓದುತ್ತಾ ಆ ಗೋಡೆಯ ಮೇಲೆ ಒಂದು ದಿನ ನಡೆದು ಬರೋಣ.

ಗೋಡೆ ಒಂದಲ್ಲ, ಹಲವು

ಚೀನಾ ನಮ್ಮ ದೇಶದ ಉತ್ತರಕ್ಕೆ, ಹಿಮಾಲಯದ ಆಚೆ ಇದೆ. ಅದರ ರಾಜಧಾನಿ ಬೀಜಿಂಗ್. ಮಹಾಗೋಡೆ ಆ ದೇಶದ ಉತ್ತರ ಭಾಗದಲ್ಲಿದೆ.

ಅದು ಒಂದೇ ಗೋಡೆ ಅಂತ ನಾವು ತಿಳಿದಿರುತ್ತೇವೆ. ಹಾಗಲ್ಲ. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬೇರೆ ಬೇರೆ ದೊರೆಗಳು ಬೇರೆ ಬೇರೆ ಕಡೆ ಗೋಡೆ ಕಟ್ಟಿಸಿದರು. ಕೆಲವು ಕಡೆ ಮಣ್ಣಿನ ಗೋಡೆ, ಕೆಲವು ಕಡೆ ಕಲ್ಲಿನದು, ಕೆಲವು ಕಡೆ ಇಟ್ಟಿಗೆಯದು. ಎಲ್ಲವನ್ನೂ ಸೇರಿಸಿ ಅಳೆದಾಗ 21,196 ಕಿಲೋಮೀಟರ್ ಆಯಿತು. ಈ ಲೆಕ್ಕವನ್ನು ಚೀನಾ ಸರ್ಕಾರ 2012ರಲ್ಲಿ ಹೇಳಿತು. 1987ರಲ್ಲಿ ಈ ಗೋಡೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಮ್ಮ ಹಂಪಿ ಅದಕ್ಕೆ ಒಂದು ವರ್ಷ ಮೊದಲು ಸೇರಿತ್ತು.

ಬೀಜಿಂಗ್ ಹತ್ತಿರ ಬಾದಾಲಿಂಗ್ ಎಂಬ ಜಾಗ ಇದೆ. ಹೆಚ್ಚಿನ ಜನ ಗೋಡೆ ನೋಡುವುದು ಅಲ್ಲೇ. ಅಲ್ಲಿ ಜಾತ್ರೆಯ ಹಾಗೆ ನೂಕುನುಗ್ಗಲು. ದಿನಕ್ಕೆ 65,000 ಜನಕ್ಕಿಂತ ಹೆಚ್ಚು ಬಿಡಬಾರದು ಅಂತ 2019ರಲ್ಲಿ ನಿಯಮ ಮಾಡಬೇಕಾಯಿತು.

ನಾವು ಅಲ್ಲಿಗೆ ಹೋಗುವುದು ಬೇಡ. ಜನ ಕಡಿಮೆ ಇರುವ ಕಡೆ ಹೋಗೋಣ. ಆ ಜಾಗದ ಹೆಸರು ಜಿನ್‌ಶಾನ್‌ಲಿಂಗ್. ಬೀಜಿಂಗ್‌ನಿಂದ ಸುಮಾರು 130 ಕಿಲೋಮೀಟರ್. ಬೆಂಗಳೂರಿನಿಂದ ಮೈಸೂರಿಗೆ ಹೋಗುವುದಕ್ಕಿಂತ ಸ್ವಲ್ಪ ಕಮ್ಮಿ. ಅಲ್ಲಿನ ಗೋಡೆ ಸುಮಾರು 10 ಕಿಲೋಮೀಟರ್ ಉದ್ದ. ಅದರ ಮೇಲೆ 67 ಕಾವಲು ಗೋಪುರಗಳಿವೆ.

ಹೊರಡುವ ಮುಂಚೆ

ಹಂಪಿ, ಬೇಲೂರಿನಲ್ಲಿ ಗೈಡ್ ಇರುತ್ತಾರಲ್ಲ, ಹಾಗೆ ಇಲ್ಲಿಗೂ ಗೈಡ್ ಸಿಗುತ್ತಾರೆ. ದೊಡ್ಡ ಬಸ್ಸಿನ ಗುಂಪಿನಲ್ಲಿ ಹೋಗಬಹುದು. ಇಲ್ಲವೇ ನಾವು ನಾಲ್ಕೈದು ಜನ ಸೇರಿ ನಮಗೇ ಅಂತ ಒಬ್ಬ ಗೈಡನ್ನೂ ಒಂದು ಕಾರನ್ನೂ ಗೊತ್ತು ಮಾಡಿಕೊಳ್ಳಬಹುದು. ಖರ್ಚು ಹೆಚ್ಚು. ಆದರೆ ಅನುಕೂಲ ಇದೆ. ಸುಸ್ತಾದರೆ ಕೂರಬಹುದು. ಬೇಕಾದ ಕಡೆ ನಿಂತು ನೋಡಬಹುದು. “ಬೇಗ ಬನ್ನಿ” ಅಂತ ಯಾರೂ ಅವಸರ ಮಾಡುವುದಿಲ್ಲ.

ಹಣ ಕೊಡುವ ಮೊದಲು ನಾಲ್ಕು ಮಾತು ಕೇಳಿಕೊಳ್ಳಬೇಕು. ಕಾರಿನ ಬಾಡಿಗೆ ಸೇರಿದೆಯಾ? ಒಳಗೆ ಹೋಗುವ ಟಿಕೆಟ್ ಸೇರಿದೆಯಾ? ಊಟ ಸೇರಿದೆಯಾ? ಎಷ್ಟು ಗಂಟೆ ನಡೆಯಬೇಕು? ಇದನ್ನೆಲ್ಲ ಕಾಗದದ ಮೇಲೆ ಬರೆಸಿಕೊಂಡು, ಓದಿ, ಆಮೇಲೆ ಒಪ್ಪಬೇಕು. ಯಾವ ಊರಿಗೆ ಹೋದರೂ ಈ ಮಾತು ಒಂದೇ.

ಇನ್ನು ಬುತ್ತಿ. ಕುಡಿಯುವ ನೀರು ಇಟ್ಟುಕೊಳ್ಳೋಣ. ತಲೆಗೆ ಬಟ್ಟೆ ಇರಲಿ, ಗೋಡೆಯ ಮೇಲೆ ಮರದ ನೆರಳಿಲ್ಲ. ಕಾಲಿಗೆ ಜಾರದ ಬೂಟು ಬೇಕು. ಚಪ್ಪಲಿ ಸಾಲದು. ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತದೆ, ಮೆಟ್ಟಿಲು ಜಾರುತ್ತದೆ. ಬೇಸಿಗೆಯಲ್ಲಿ ಬಿಸಿಲು ಜೋರು. ಏಪ್ರಿಲ್ ತಿಂಗಳು ಮತ್ತು ಅಕ್ಟೋಬರ್ ತಿಂಗಳು ನಡೆಯಲು ಒಳ್ಳೆಯದು. ಮೇಲೆ ಹತ್ತುವ ಮೊದಲು ಕೆಳಗೇ ಶೌಚಾಲಯಕ್ಕೆ ಹೋಗಿ ಬರಬೇಕು. ಹೆಂಗಸರು ಇದನ್ನು ಮರೆಯಬಾರದು.

ಮೆಟ್ಟಿಲು ಹತ್ತೋಣ

ಬೆಳಿಗ್ಗೆ ಬೇಗ ಹೊರಟರೆ ಎರಡೂವರೆ ಗಂಟೆಯೊಳಗೆ ಬೆಟ್ಟದ ಬುಡ ತಲುಪುತ್ತೇವೆ. ಕೈಲಾಗದವರಿಗೆ ತಂತಿಯ ಮೇಲೆ ಹೋಗುವ ತೊಟ್ಟಿಲು ಗಾಡಿ ಇದೆ. ನಾವು ನಡೆದೇ ಹತ್ತೋಣ.

ಮೆಟ್ಟಿಲು ಒಂದೇ ಸಮ ಇಲ್ಲ. ಒಂದು ಗೇಣು, ಇನ್ನೊಂದು ಮೊಣಕಾಲೆತ್ತರ. ಗೋಡೆಯ ಮೇಲೆ ಬಂದರೆ ಅಗಲವಾದ ದಾರಿ. ನಾಲ್ಕೈದು ಜನ ಜೊತೆಯಲ್ಲಿ ನಡೆಯಬಹುದು. ಎರಡೂ ಕಡೆ ಬೆಟ್ಟ, ಕಣಿವೆ. ಗಾಳಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಸ್ವಲ್ಪ ಸ್ವಲ್ಪ ದೂರಕ್ಕೆ ಒಂದು ಗೋಪುರ. ಒಳಗೆ ತಂಪು. ಇಂಥ ಗೋಪುರ ಕಟ್ಟಿಸಿದವನು ಛೀ ಜಿಗುವಾಂಗ್ ಎಂಬ ಸೇನಾಪತಿ. ಅವನು 1568ರಲ್ಲಿ ಈ ಕಡೆಯ ಕಾವಲಿಗೆ ಬಂದ. ಅದಕ್ಕೆ ಮೊದಲು ಕಾವಲಿನ ಸೈನಿಕರು ಚಳಿ, ಮಳೆಯಲ್ಲಿ ಬಯಲಲ್ಲೇ ನಿಲ್ಲಬೇಕಿತ್ತು. ಅವನು ಒಳಗೆ ಟೊಳ್ಳಾದ ಗೋಪುರ ಕಟ್ಟಿಸಿದ. ಅಲ್ಲೇ ಮಲಗಬಹುದು. ದವಸ, ಮದ್ದುಗುಂಡು ಇಡಬಹುದು.

ಶತ್ರು ಕಂಡರೆ ಸುದ್ದಿ ಕಳಿಸುವುದು ಹೇಗೆ? ಆಗ ಫೋನ್ ಇರಲಿಲ್ಲ. ಹಗಲು ಹೊಗೆ ಹಾಕುತ್ತಿದ್ದರು, ರಾತ್ರಿ ಬೆಂಕಿ. ಜೊತೆಗೆ ತುಪಾಕಿ ಹಾರಿಸುತ್ತಿದ್ದರು. ನೂರು ಜನ ಶತ್ರುಗಳು ಬಂದರೆ ಒಂದು ಸಲ, ಐನೂರು ಬಂದರೆ ಎರಡು ಸಲ, ಸಾವಿರ ಬಂದರೆ ಮೂರು ಸಲ. ಒಂದು ಗೋಪುರದವರು ನೋಡಿ ಮುಂದಿನ ಗೋಪುರಕ್ಕೆ ದಾಟಿಸುತ್ತಿದ್ದರು.

ಕಡಿದಾದ ಮೆಟ್ಟಿಲ ಮೇಲೆ ಅರ್ಧ ದಾರಿಗೆ ಅಡ್ಡವಾಗಿ ಚಿಕ್ಕ ಚಿಕ್ಕ ಗೋಡೆಗಳಿವೆ. ಅದರಲ್ಲಿ ತೂತುಗಳಿವೆ. ಶತ್ರು ಗೋಡೆ ಹತ್ತಿಯೇ ಬಿಟ್ಟರೆ ಸೈನಿಕರು ಇದರ ಮರೆಯಲ್ಲಿ ನಿಂತು ಒಂದೊಂದೇ ಮೆಟ್ಟಿಲು ಕಾಯಬೇಕು. ಈ ಅಡ್ಡಗೋಡೆಗಳಿಗೆ ಜಿನ್‌ಶಾನ್‌ಲಿಂಗ್ ಹೆಸರಾಗಿದೆ.

ಜಗಳ ಯಾತಕ್ಕೆ?

ಇಷ್ಟೆಲ್ಲ ಯಾರ ಭಯಕ್ಕೆ? ಉತ್ತರದ ಹುಲ್ಲುಗಾವಲಿನಲ್ಲಿ ಮಂಗೋಲರು ಇದ್ದರು. ಕುರಿ, ಕುದುರೆ ಸಾಕುವ ಜನ. ಅವರ ಹತ್ತಿರ ಕುದುರೆ ಇತ್ತು. ದವಸ ಇರಲಿಲ್ಲ. ಬಟ್ಟೆ ಸಾಲದು. ಅಡಿಗೆ ಮಾಡಲು ಕಬ್ಬಿಣದ ಪಾತ್ರೆಯೂ ಸಿಗುತ್ತಿರಲಿಲ್ಲ. “ನಮ್ಮ ಕುದುರೆ ತಗೊಳ್ಳಿ, ನಿಮ್ಮ ಸರಕು ಕೊಡಿ” ಎಂದು ಕೇಳಿದರು. ಚೀನಾದ ಮಿಂಗ್ ವಂಶದ ದೊರೆ ಒಪ್ಪಲಿಲ್ಲ. ಕಬ್ಬಿಣ ಕೊಟ್ಟರೆ ಅದನ್ನು ಕರಗಿಸಿ ಆಯುಧ ಮಾಡುತ್ತಾರೆ ಎಂಬ ಭಯ.

1550ರಲ್ಲಿ ಅಲ್ತಾನ್ ಖಾನ್ ಎಂಬ ಮಂಗೋಲ ನಾಯಕ ದಂಡು ಕಟ್ಟಿಕೊಂಡು ಬಂದ. ಜಿನ್‌ಶಾನ್‌ಲಿಂಗ್‌ಗೆ ಹತ್ತಿರದ ಗುಬೆಕೌ ಕಣಿವೆಯಿಂದ ಒಳಗೆ ನುಗ್ಗಿದ. ಬೀಜಿಂಗ್ ಸುತ್ತಲ ಊರುಗಳನ್ನು ಸುಟ್ಟು ಲೂಟಿ ಮಾಡಿದ. ಅದಾದ ಮೇಲೆಯೇ ಇಲ್ಲಿ ಗೋಡೆಯನ್ನು ಇಷ್ಟು ಗಟ್ಟಿ ಮಾಡಿದ್ದು.

ಕೊನೆಗೆ 1571ರಲ್ಲಿ ಎರಡೂ ಕಡೆಯವರು ರಾಜಿ ಆದರು. ಗಡಿಯಲ್ಲಿ ಸಂತೆ ಶುರುವಾಯಿತು. ಕುದುರೆ ಈ ಕಡೆ ಬಂತು. ಬಟ್ಟೆ, ದವಸ ಆ ಕಡೆ ಹೋಯಿತು. ಅಲ್ತಾನ್ ಖಾನನ ಜೊತೆಗಿನ ದೊಡ್ಡ ಜಗಳ ನಿಂತಿತು. ಗೋಡೆಯಿಂದ ನಿಲ್ಲದ ಜಗಳ ಸಂತೆಯಿಂದ ನಿಂತಿತು ನೋಡಿ.

ಇಟ್ಟಿಗೆಯ ಮೇಲೆ ಅಕ್ಷರ

ಈಗ ನಮ್ಮ ಅಕ್ಕನ ಪ್ರಶ್ನೆಗೆ ಬರೋಣ. ಹೊತ್ತೋರು ಯಾರು?

ಗೈಡ್ ಒಂದು ಕಡೆ ನಿಂತು ಗೋಡೆಯನ್ನು ತೋರಿಸುತ್ತಾರೆ. ಇಟ್ಟಿಗೆಯ ಮೇಲೆ ಅಕ್ಷರಗಳಿವೆ! ಇಟ್ಟಿಗೆ ಸುಡುವ ಮೊದಲು, ಮಣ್ಣು ಹಸಿ ಇರುವಾಗಲೇ ಒತ್ತಿದ ಮುದ್ರೆ. ಅಲ್ಲಿ ಇಂಥ ಇಟ್ಟಿಗೆ ಬಹಳ ಇವೆ. ಒಂದು ಇಟ್ಟಿಗೆಯ ಮೇಲೆ ಏನು ಬರೆದಿದೆ ಗೊತ್ತಾ? ವಾನ್‌ಲಿ ದೊರೆಯ ಐದನೇ ವರ್ಷ, ಶಾನ್‌ದೊಂಗ್ ಎಡ ದಂಡು ಮಾಡಿದ್ದು ಎಂದು. ಆ ವರ್ಷ ಎಂದರೆ 1577.

ಯಾಕೆ ಬರೆದರು? ಅಂದಕ್ಕಲ್ಲ, ಲೆಕ್ಕಕ್ಕೆ. ಯಾವ ವರ್ಷ, ಯಾವ ದಂಡು ಮಾಡಿದ್ದು ಎಂದು ತಿಳಿದರೆ, ಇಟ್ಟಿಗೆ ಕಳಪೆ ಆದಾಗ ಆ ದಂಡಿನವರನ್ನು ಹಿಡಿದು ಕೇಳಬಹುದು. ಅಕ್ಷರ ಅಂದರೆ ಜವಾಬ್ದಾರಿ.

ಇದರಿಂದ ನಮಗೆ ಒಂದು ಉತ್ತರ ಸಿಕ್ಕಿತು. ಇಲ್ಲಿ ಕಟ್ಟಿದವರು ಹೆಚ್ಚಾಗಿ ಸೈನಿಕರು. ದೂರದ ಊರಿನವರು. ಒಂದೊಂದು ಇಟ್ಟಿಗೆ ಹತ್ತು ಕಿಲೋದ ಆಸುಪಾಸು ತೂಗುತ್ತದೆ. ನಮ್ಮೂರ ಇಟ್ಟಿಗೆಗಿಂತ ಬಹಳ ಭಾರ. ಅದನ್ನು ಬೆನ್ನ ಮೇಲೆ, ಹೆಗಲಿನ ಅಡ್ಡೆಯ ಮೇಲೆ ಬೆಟ್ಟಕ್ಕೆ ಹೊತ್ತರು. ಇಟ್ಟಿಗೆ ಕೂಡಿಸಲು ಸುಣ್ಣದ ಗಾರೆ ಹಾಕಿದರು. ಮಿಂಗ್ ಕಾಲದ ಗಾರೆಗೆ ಅಂಟು ಅಕ್ಕಿಯ ಗಂಜಿ ಬೆರೆಸುವುದೂ ಇತ್ತು. ಅದರಿಂದ ಗಾರೆ ಬಹಳ ಬಿಗಿಯಾಗುತ್ತದೆ.

ಆದರೆ ಗಮನಿಸಿ. ಆ ಮುದ್ರೆಯಲ್ಲಿ ದೊರೆಯ ಹೆಸರಿದೆ. ದಂಡಿನ ಹೆಸರಿದೆ. ಹೊತ್ತವನ ಹೆಸರಿಲ್ಲ.

ಕೂಲಿ ಕೊಟ್ಟರಾ?

ಮಿಂಗ್ ಕಾಲದ ಸೈನಿಕರಿಗೆ ದವಸವನ್ನೂ ಬೆಳ್ಳಿಯನ್ನೂ ಸಂಬಳವಾಗಿ ಕೊಡುವ ಪದ್ಧತಿ ಇತ್ತು. ಆದರೆ ಅದು ಸರಿಯಾದ ಹೊತ್ತಿಗೆ ಬರುತ್ತಿರಲಿಲ್ಲ. ತಿಂಗಳುಗಟ್ಟಲೆ ಬಾಕಿ ನಿಲ್ಲುತ್ತಿತ್ತು.

ಅದಕ್ಕಿಂತ ಹಿಂದಿನ ಕಾಲದಲ್ಲಿ ಇನ್ನೂ ಕಷ್ಟ. ಎರಡು ಸಾವಿರದ ಇನ್ನೂರು ವರ್ಷದ ಹಿಂದೆ ಛಿನ್ ವಂಶದ ಮೊದಲ ಚಕ್ರವರ್ತಿ ಗೋಡೆ ಕಟ್ಟಿಸಿದ. ರೈತರನ್ನೂ ಸೈನಿಕರನ್ನೂ ಕೈದಿಗಳನ್ನೂ ಕೆಲಸಕ್ಕೆ ಎಳೆದು ತಂದರು. ರೈತರದು ಬಿಟ್ಟಿ ಚಾಕರಿ. ಎಷ್ಟೋ ಜನ ಮನೆಗೆ ಮರಳಲಿಲ್ಲ.

ಆ ಕಾಲದ ಮೇಲೆ ಚೀನಾದ ಹೆಂಗಸರು ಹೇಳಿಕೊಂಡು ಬಂದ ಒಂದು ಕಥೆ ಇದೆ. ಮೆಂಗ್ ಜಿಯಾಂಗ್ ಎಂಬ ಹೆಣ್ಣುಮಗಳು. ಮದುವೆಯಾದ ಹೊಸದರಲ್ಲೇ ಗಂಡನನ್ನು ಗೋಡೆ ಕೆಲಸಕ್ಕೆ ಹಿಡಿದೊಯ್ದರು. ಚಳಿಗಾಲ ಬಂತು. ಗಂಡನಿಗೆ ಬೆಚ್ಚನೆಯ ಬಟ್ಟೆ ಹೊಲಿದಳು. ಗಂಟು ಕಟ್ಟಿಕೊಂಡು ಒಬ್ಬಳೇ ನಡೆದು ಹೋದಳು. ಗೋಡೆಯ ಹತ್ತಿರ ವಿಚಾರಿಸಿದರೆ, ಅವನು ಸತ್ತು ಬಹಳ ದಿನ ಆಗಿತ್ತು. ಹೆಣವನ್ನೂ ಗೋಡೆಯೊಳಗೇ ಹೂತಿದ್ದರು. ಅವಳು ಕೂತು ಅತ್ತಳು. ಅವಳ ಅಳುವಿಗೆ ಗೋಡೆ ಕುಸಿದು ಬಿತ್ತು. ಒಳಗಿನ ಎಲುಬು ಹೊರಗೆ ಕಂಡಿತು.

ಇದು ಕಥೆ. ನಡೆದ ಸಂಗತಿ ಅಲ್ಲ. ಆದರೂ ಜನ ಇದನ್ನು ಇವತ್ತಿಗೂ ಮರೆತಿಲ್ಲ. ಅವಳ ಹೆಸರಿನಲ್ಲಿ ಗುಡಿಯೂ ಇದೆ. ದೊರೆಗಳ ಲೆಕ್ಕದ ಪುಸ್ತಕದಲ್ಲಿ ಬರೆಯದೆ ಬಿಟ್ಟ ದುಃಖವನ್ನು ಹೆಂಗಸರು ಬಾಯಲ್ಲಿ ಉಳಿಸಿಕೊಂಡರು.

ಇಟ್ಟಿಗೆ ಒಯ್ದವರು, ಗೋಡೆ ಕಾಯುವವರು

ಮುಂದೆ ನಡೆದಂತೆ ಗೋಡೆ ಅಲ್ಲಲ್ಲಿ ಮುರಿದಿದೆ. ಮಳೆ, ಗಾಳಿ, ಗಿಡದ ಬೇರು ಕೆಡವಿದ್ದು ಸ್ವಲ್ಪ. ಜನ ಕೆಡವಿದ್ದೂ ಉಂಟು. ಬಹಳ ಕಡೆ ಹತ್ತಿರದ ಊರಿನವರು ಮನೆಗೆ, ದನದ ಕೊಟ್ಟಿಗೆಗೆ ಇಟ್ಟಿಗೆ ಕಿತ್ತುಕೊಂಡು ಹೋದರು. ಬಡವರಿಗೆ ಸುಟ್ಟ ಇಟ್ಟಿಗೆ ಪುಕ್ಕಟೆ ಸಿಕ್ಕರೆ ಬಿಡುತ್ತಾರಾ?

2006ರಲ್ಲಿ ಚೀನಾದಲ್ಲಿ ಗೋಡೆ ಕಾಪಾಡಲು ಕಾನೂನು ಬಂತು. ಇಟ್ಟಿಗೆ ತೆಗೆಯಬಾರದು. ಹೆಸರು ಕೆತ್ತಬಾರದು. ಜನರಿಗೆ ತೆರೆಯದ ಭಾಗದಲ್ಲಿ ಗುಂಪು ಕಟ್ಟಿಕೊಂಡು ಹೋಗಬಾರದು. ಆದರೂ 2023ರಲ್ಲಿ ಶಾನ್‌ಶಿ ಪ್ರಾಂತ್ಯದಲ್ಲಿ ಇಬ್ಬರು ದಾರಿ ಹತ್ತಿರವಾಗಲಿ ಎಂದು ಯಂತ್ರದಿಂದ ಗೋಡೆಯನ್ನೇ ಅಗೆದರು. ಪೊಲೀಸರು ಅವರನ್ನು ಹಿಡಿದರು.

ಈಗ ಎಷ್ಟೋ ಕಡೆ ಗೋಡೆ ಕಾಯುವ ಕೆಲಸ ಹತ್ತಿರದ ಹಳ್ಳಿಯವರಿಗೇ ಸಿಕ್ಕಿದೆ. ಬಿರುಕು ಕಂಡರೆ ಬರೆದು ತಿಳಿಸುವುದು, ಕಸ ತೆಗೆಯುವುದು ಅವರ ಕೆಲಸ. ಹಳ್ಳಿಯ ಹೆಂಗಸರು ನೀರು, ಪುಸ್ತಕ, ಅಂಗಿ ಹೊತ್ತು ತಂದು ನಡೆಯುವವರಿಗೆ ಮಾರುವುದೂ ಉಂಟು. ಗೋಡೆ ನಿಂತಿದ್ದರೆ ಜನ ಬರುತ್ತಾರೆ. ಜನ ಬಂದರೆ ನಾಲ್ಕು ಕಾಸು ಬರುತ್ತದೆ.

ಇಳಿಯುವ ಹೊತ್ತು

ಮೂರು ನಾಲ್ಕು ಗಂಟೆ ನಡೆದಿದ್ದೇವೆ. ಮೊಣಕಾಲು ನೋಯುತ್ತಿದೆ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಅಡ್ಡಡ್ಡ ಹೆಜ್ಜೆ ಇಟ್ಟು ನಿಧಾನ ಇಳಿಯೋಣ. ಕತ್ತಲಾಗುವ ಮೊದಲೇ ಕೆಳಗೆ ಬರಬೇಕು.

ನಾವು ಈ ಪಾಠವನ್ನು ಕೇಂದ್ರದಲ್ಲಿ ಓದಿದೆವು. ಇಟ್ಟಿಗೆ ಹೊರುವ ಆ ಅಕ್ಕ ಸುಮ್ಮನೆ ಕೇಳಿದರು. ಆಮೇಲೆ ಇಷ್ಟೇ ಹೇಳಿದರು: “ಅವರ ಹೆಸರು ಯಾರೂ ಬರೀಲಿಲ್ಲ. ನಮ್ಮದು ನಾವೇ ಬರ್ಕೋಬೇಕು.”

ಮಾರನೆಯ ವಾರ ಅವರು ಕೆಲಸದ ಕಡೆ ಹಾಜರಿ ಪುಸ್ತಕ ಕೇಳಿ ಓದಿದರು. ಆರು ದಿನ ದುಡಿದಿದ್ದರು. ಐದು ದಿನ ಬರೆದಿತ್ತು. ತೋರಿಸಿ ಸರಿ ಮಾಡಿಸಿದರು. ಹೆಬ್ಬೆಟ್ಟು ಒತ್ತಲಿಲ್ಲ. ಹೆಸರು ಬರೆದರು.

ಮಾತಾಡೋಣ

1. ಇಟ್ಟಿಗೆಯ ಮೇಲೆ ದಂಡಿನ ಹೆಸರು ಯಾಕೆ ಬರೆದರು?
2. ಅಲ್ತಾನ್ ಖಾನನ ಜೊತೆಗಿನ ಜಗಳ ಹೇಗೆ ನಿಂತಿತು?
3. ನಿಮ್ಮ ಊರಿನ ಕೆರೆ, ಗುಡಿ, ಕೋಟೆ ಕಟ್ಟಿದವರು ಯಾರು? ಹಿರಿಯರನ್ನು ಕೇಳಿ ನಾಲ್ಕು ಸಾಲು ಬರೆಯಿರಿ.
4. ನೀವು ಕೆಲಸ ಮಾಡುವ ಕಡೆ ಹಾಜರಿ ಯಾರು ಬರೆಯುತ್ತಾರೆ? ನೀವು ಅದನ್ನು ಓದಿದ್ದೀರಾ?